ವರನಿಗೆ ಮೊದಲ ಮದುವೆಯಿಂದ ವಿಚ್ಛೇದನ ಆಗಿದೆಯೇ ಎಂದು ಅವರಿಗೆ ಗೊತ್ತಾಗದಂತೆ ಆನ್‌ಲೈನ್‌ನಲ್ಲಿ ನೋಡುವುದು ಹೇಗೆ?

ನಿಮ್ಮ ಅಕ್ಕನಿಗೆ ವಿಚ್ಛೇದನ ಆಗಿದೆ ಎನ್ನುವ ವರನ ಸಂಬಂಧ ಬಂದಿದೆ, ಅದು ನಿಜವೇ ಎಂದು ಗುಟ್ಟಾಗಿ ನೋಡಬೇಕು ಎಂದು ಕೇಳಿದ್ದೀರಿ. ಅದನ್ನು ಓದುತ್ತಿದ್ದಂತೆ ಆರು ವರ್ಷದ ಹಿಂದಿನ ಒಂದು ರಾತ್ರಿ ನೆನಪಾಯಿತು. ಹಾಸನದ ನಮ್ಮ ಮನೆಯಲ್ಲಿ ಕುಳಿತು, ತಂಗಿಗೆ ಗೊತ್ತುಮಾಡಿದ್ದ ಹುಡುಗನ ಹೆಸರನ್ನು ನಾನೂ ಹೀಗೆಯೇ ಹುಡುಕಿದ್ದೆ. ಡೈವೋರ್ಸ್ ಆಗಿ ಮೂರು ವರ್ಷವಾಯಿತು ಎಂದು ಹುಡುಗನ ಕಡೆಯವರು ಹೇಳಿದ್ದರು. ಕಾಗದ ಕೇಳಿದರೆ ಅನುಮಾನಪಟ್ಟಂತಾಗುತ್ತದೆ ಎಂದು ಅಪ್ಪ ತಡೆದರು. ಕೇಳದೆಯೇ ತಿಳಿದುಕೊಳ್ಳುತ್ತೇನೆ ಎಂದು ನಾನು ಜಾಣನಾದೆ.

ನ್ಯಾಯಾಲಯದ ಪ್ರಕರಣಗಳ ಸ್ಥಿತಿ ತೋರಿಸುವ ಇ-ಕೋರ್ಟ್ಸ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ ಆರಿಸಿ, ಹೆಸರು ಮತ್ತು ಇಸವಿ ತುಂಬಿ, ‘ಡಿಸ್ಪೋಸ್ಡ್’ ಎಂಬುದನ್ನು ಒತ್ತಿದೆ. ಹೆಸರನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದ ಮೇಲೆ ಒಂದು ಎಂ.ಸಿ. (ವೈವಾಹಿಕ ಪ್ರಕರಣ) ಸಂಖ್ಯೆ, ಹುಡುಗನ ಹೆಸರು, ಅದರ ಎದುರು ಒಬ್ಬ ಹೆಂಗಸಿನ ಹೆಸರು ಸಿಕ್ಕಿತು. ಫೋಟೋ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಸೋದರತ್ತೆ ಕೈಮುಗಿಯುವ ಚಿತ್ರ ಕಳಿಸಿದರು. ಮರುದಿನವೇ ಛತ್ರಕ್ಕೆ ಮುಂಗಡ ಕೊಟ್ಟೆವು.

ಆ ಸಾಲಿನ ಬಲತುದಿಯಲ್ಲಿ ‘ವ್ಯೂ’ ಎಂದು ಇತ್ತು. ನಾನು ಅದನ್ನು ಒತ್ತಲಿಲ್ಲ.

ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಸಹಿಸಿಕೊಳ್ಳಿ. ‘ಡಿಸ್ಪೋಸ್ಡ್’ ಎಂದರೆ ಪ್ರಕರಣ ವಿಲೇವಾರಿ ಆಗಿದೆ, ಅಷ್ಟೇ. ಕಸ ವಿಲೇವಾರಿ ಎನ್ನುತ್ತೇವಲ್ಲ, ಹಾಗೆ ಕಡತ ನ್ಯಾಯಾಧೀಶರ ಮೇಜಿನಿಂದ ಹೋಯಿತು. ವಿಚ್ಛೇದನ ಕೊಟ್ಟರೂ ವಿಲೇವಾರಿ, ಅರ್ಜಿ ವಜಾ ಆದರೂ ವಿಲೇವಾರಿ, ಅರ್ಜಿದಾರ ಹಿಂಪಡೆದರೂ ವಿಲೇವಾರಿ, ಗಂಡ ಹೆಂಡತಿ ರಾಜಿಯಾಗಿ ಮನೆಗೆ ಹೋದರೂ ವಿಲೇವಾರಿಯೇ. ಎಂ.ಸಿ. ಸಂಖ್ಯೆ ಇದ್ದ ಮಾತ್ರಕ್ಕೆ ಅದು ವಿಚ್ಛೇದನದ ಅರ್ಜಿ ಎಂದೂ ಅಲ್ಲ. ಹೆಂಡತಿ ತನ್ನ ಜೊತೆ ಬಂದು ಬಾಳಲಿ ಎಂದು ಗಂಡ ಹಾಕುವ ಅರ್ಜಿಗೂ ಎಂ.ಸಿ. ಸಂಖ್ಯೆಯೇ ಬೀಳುತ್ತದೆ. ಏನಾಯಿತು ಎಂಬುದು ಒಳಗಿನ ಪುಟದಲ್ಲಿ, ‘ನೇಚರ್ ಆಫ್ ಡಿಸ್ಪೋಸಲ್’ ಎಂಬಲ್ಲಿ ಇರುತ್ತದೆ.

ಮದುವೆಯಾಗಿ ಒಂದೂವರೆ ತಿಂಗಳಿಗೆ ನೋಂದಣಿ ಮಾಡಿಸಲು ಉಪನೋಂದಣಾಧಿಕಾರಿ ಕಚೇರಿಗೆ ಹೋದಾಗ ಡಿಕ್ರಿಯ, ಅಂದರೆ ವಿಚ್ಛೇದನ ಕೊಟ್ಟ ನ್ಯಾಯಾಲಯದ ಆದೇಶದ, ದೃಢೀಕೃತ ನಕಲು ಕೇಳಿದರು. ಹುಡುಗ ಇವತ್ತು ನಾಳೆ ಎಂದು ತಳ್ಳಿದ. ಕೊನೆಗೆ ಬಂದ ಕಾಗದದಲ್ಲಿ ಇದ್ದದ್ದು: ಅರ್ಜಿದಾರ ಸತತವಾಗಿ ಗೈರುಹಾಜರು, ಅರ್ಜಿ ವಜಾ. ವಿಚ್ಛೇದನ ಕೇಳಿ ಅರ್ಜಿ ಹಾಕಿದವನು ಅವನೇ, ಕೋರ್ಟಿಗೆ ಹೋಗುವುದನ್ನು ಬಿಟ್ಟವನೂ ಅವನೇ. ‘ಕೇಸು ಮುಗಿಯಿತು’ ಎಂದು ವಕೀಲರು ಹೇಳಿದ್ದನ್ನು ನಂಬಿದ್ದೆ ಎಂದ. ಸುಳ್ಳುಗಾರನೋ ದಡ್ಡನೋ, ನನಗೆ ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಕಾನೂನಿಗೆ ಅದು ಬೇಕಾಗಿಯೂ ಇಲ್ಲ. ಮೊದಲ ಹೆಂಡತಿ ಹೆಂಡತಿಯಾಗಿಯೇ ಇದ್ದಾಗ ನಡೆದ ಮದುವೆ 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮೊದಲಿನಿಂದಲೇ ಅಸಿಂಧು. ಹಾಗೆಂದು ನ್ಯಾಯಾಲಯದಿಂದ ಬರೆಸಿಕೊಳ್ಳಲು ತಂಗಿಗೆ ಎರಡು ವರ್ಷ ಹಿಡಿಯಿತು.

ಹಾಗಾಗಿ ಗುಟ್ಟಾಗಿ ನೋಡುವುದು ಹೇಗೆ ಎಂಬ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಮದುವೆಗೆ ಮೊದಲೇ ಒಂದು ಕಾಗದ ಕೇಳಲು ಸಂಕೋಚಪಡುವ ಮನೆಯವರು ಆಮೇಲೆ ಏನನ್ನು ಕೇಳಿಯಾರು? ಇಡೀ ದೇಶದ ವಿಚ್ಛೇದನಗಳನ್ನು ಒಂದೆಡೆ ತೋರಿಸುವ ದಾಖಲೆ ನಮ್ಮಲ್ಲಿ ಇಲ್ಲ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಇಂಥ ವಿಚಾರಣೆಯನ್ನು ಮುಚ್ಚಿದ ಬಾಗಿಲ ಹಿಂದೆ ನಡೆಸಬೇಕೆಂದೂ ಅದರ ವಿವರ ಪ್ರಕಟಿಸಬಾರದೆಂದೂ ಹೇಳುತ್ತದೆ. ಆರ್‌ಟಿಐ ಹಾಕಿ ಎನ್ನುವವರು ಸಿಗುತ್ತಾರೆ. ನಕಲು ಬೇಕಿದ್ದರೆ ನ್ಯಾಯಾಲಯದ ನಿಯಮದಂತೆಯೇ ಅರ್ಜಿ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಹೊರಗಿನವರಾದ ನೀವು ಏಕೆ ಬೇಕು ಎಂದು ಪ್ರಮಾಣಪತ್ರ ಬರೆದುಕೊಡಬೇಕು. ಅದೇ ಹುಡುಗ ಕೇಳಿದರೆ ಅವನದೇ ಪ್ರಕರಣ, ಸುಲಭವಾಗಿ ಸಿಗುತ್ತದೆ.

ಡಿಕ್ರಿಯ ದೃಢೀಕೃತ ನಕಲನ್ನೇ ಕೇಳಿ. ಕೋರ್ಟಿಗೆ ಹೋಗದೆ ಛಾಪಾ ಕಾಗದದಲ್ಲಿ ಬರೆಸಿಕೊಂಡ ಬಿಡುಗಡೆ ಪತ್ರ ತಂದರೆ ಮಾತು ಅಲ್ಲಿಗೇ ನಿಲ್ಲಿಸಿ. ನಕಲು ಸಿಕ್ಕಿದ ಮೇಲೆ ಕೊನೆಯ ಪುಟದ ಆದೇಶವನ್ನು ಮೊದಲು ಓದಿ, ಆಮೇಲೆ ಅದರ ಪ್ರಕರಣ ಸಂಖ್ಯೆಯನ್ನು ಇ-ಕೋರ್ಟ್ಸ್‌ನಲ್ಲಿ ಹಾಕಿ ತಾಳೆ ನೋಡಿ. ನಾನು ಮಾಡಿದ್ದು ತಲೆಕೆಳಗು. ಮೇಲ್ಮನವಿಯ ಅವಧಿ ಮುಗಿದಿದೆಯೇ ಎಂದು ವಕೀಲರೊಬ್ಬರಿಗೆ ತೋರಿಸಿ. ಪರಸ್ಪರ ಒಪ್ಪಿಗೆಯ ವಿಚ್ಛೇದನವಾದರೆ, ಇಬ್ಬರೂ ಮತ್ತೆ ಕೋರ್ಟಿನ ಮುಂದೆ ಒಪ್ಪಿಗೆ ಹೇಳುವ ಎರಡನೇ ಹಂತವೂ ಆಗಿರಬೇಕು. ಮೊದಲ ಅರ್ಜಿಗೆ ಸಹಿ ಹಾಕಿದ್ದನ್ನೇ ಬಿಡುಗಡೆ ಎಂದುಕೊಂಡವರನ್ನು ನೋಡಿದ್ದೇನೆ.

ಹೋದ ತಿಂಗಳು ತುಮಕೂರಿನಿಂದ ತಂಗಿಯನ್ನು ನೋಡಲು ಬಂದಿದ್ದರು. ಕಾಫಿ ತರುವ ಮೊದಲೇ ಅವಳು ತನ್ನ ಡಿಕ್ರಿಯ ನಕಲನ್ನು ಟೀಪಾಯಿಯ ಮೇಲೆ ಇಟ್ಟಳು. ಅಪ್ಪ ಮುಖ ತಿರುಗಿಸಿಕೊಂಡರು. ಹುಡುಗನ ತಾಯಿ ಮಾತ್ರ ಕನ್ನಡಕ ಹಾಕಿಕೊಂಡು ಕೊನೆಯ ಪುಟದಿಂದ ಓದಲು ತೊಡಗಿದರು.