ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಹಳೇ ಊರು, ಕಾಡು ಎರಡನ್ನೂ ನೋಡುವಂಥ ಸುಲಭದ ನಡಿಗೆ ಯಾವುದು?

ನೀವು ಕೇಳಿರುವುದು ಇಷ್ಟು: ಜೂನ್‌ನಲ್ಲಿ ಹಾಸನದಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಹಳೇ ಕಟ್ಟಡ ಅಂದರೆ ಪ್ರಾಣ. ಅಮ್ಮನಿಗೆ ಮಂಡಿನೋವು, ಜಾಸ್ತಿ ಹತ್ತಲು ಆಗುವುದಿಲ್ಲ. ನಿಮಗೆ ಕಾಡಿನಲ್ಲಿ ಓಡಾಡಬೇಕು. ಕಾರಿಲ್ಲ, ಬೆಳಿಗ್ಗೆ ಹೊರಟು ರಾತ್ರಿ ಮನೆಗೆ ಬರಬೇಕು. ನನ್ನ ಉತ್ತರ ಟ್ಯೂಬಿಂಗನ್.

ಹೈಡಲ್‌ಬರ್ಗ್‌ಗೆ ಹೋಗಿ ಅಂತ ಬಹಳ ಜನ ಹೇಳುತ್ತಾರೆ. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಬೇಸಿಗೆಯ ಶನಿವಾರ ಅಲ್ಲಿನ ಮುಖ್ಯ ಬೀದಿಯಲ್ಲಿ ಮುಂದಿನವರ ಬೆನ್ನು ನೋಡಿಕೊಂಡೇ ನಡೆಯಬೇಕು. ಟ್ಯೂಬಿಂಗನ್ ಚಿಕ್ಕ ಊರು. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ರೀಜನಲ್ ರೈಲು ಹತ್ತಿದರೆ ಡಾಯ್ಚ್‌ಲ್ಯಾಂಡ್ ಟಿಕೆಟ್ ಎಂಬ ತಿಂಗಳ ಪಾಸ್ ಸಾಕು. ಎರಡನೇ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್‌ನ ಹಳೇ ಪೇಟೆ ಬಾಂಬಿಗೆ ಸಿಕ್ಕಿ ಹೋಯಿತು. ಟ್ಯೂಬಿಂಗನ್ ಹೆಚ್ಚುಕಡಿಮೆ ಉಳಿದುಕೊಂಡಿತು. ಹಾಗಾಗಿ ಅಲ್ಲಿನ ಮರದ ಚೌಕಟ್ಟಿನ ಮನೆಗಳು ನೋಡುವುದಕ್ಕೆ ಅಂತ ಮತ್ತೆ ಕಟ್ಟಿದವಲ್ಲ. ಜನ ಇವತ್ತಿಗೂ ಅವುಗಳಲ್ಲಿ ವಾಸ ಮಾಡುತ್ತಾರೆ, ಕಿಟಕಿಯಲ್ಲಿ ಬಟ್ಟೆ ಒಣಗಿಸುತ್ತಾರೆ. ನಮ್ಮ ಮನೆಗೆ ಬಂದ ನೆಂಟರನ್ನೆಲ್ಲ ನಾನು ಕರೆದುಕೊಂಡು ಹೋಗುವುದು ಅಲ್ಲಿಗೇ.

ಸ್ಟೇಷನ್‌ನಿಂದ ಹೊರಗೆ ಬಂದು ನೇರ ನದಿಯ ಕಡೆ ನಡೆಯಿರಿ. ನೆಕ್ಕರ್ ನದಿಯ ಮಧ್ಯೆ ಒಂದು ಉದ್ದನೆಯ ದ್ವೀಪ ಇದೆ. ಅದರ ಉದ್ದಕ್ಕೂ ಪ್ಲಾಟನಸ್ ಮರಗಳ ಸಾಲು, ಸುಮಾರು 200 ವರ್ಷ ಹಳೆಯವು. ಸಮತಟ್ಟು ದಾರಿ, ಪೂರ್ತಿ ನೆರಳು, ಕೂರಲು ಬೆಂಚುಗಳಿವೆ. ಅಮ್ಮನಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿ ಕೂತರೆ ಎದುರು ದಡದಲ್ಲಿ ಬಣ್ಣಬಣ್ಣದ ಮನೆಗಳ ಸಾಲು, ಅದರ ನಡುವೆ ಹಳದಿ ಬಣ್ಣದ ಒಂದು ದುಂಡು ಗೋಪುರ ಕಾಣುತ್ತದೆ. ಕವಿ ಹೋಲ್ಡರ್ಲಿನ್ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಮೇಲೆ 1807ರಿಂದ 1843ರಲ್ಲಿ ಸಾಯುವ ತನಕ ಅಲ್ಲೇ ಇದ್ದರು. ಒಬ್ಬ ಬಡಗಿಯ ಮನೆಯವರು ಅವರನ್ನು ನೋಡಿಕೊಂಡರು. ನದಿಯಲ್ಲಿ ಉದ್ದನೆಯ ಚಪ್ಪಟೆ ದೋಣಿಗಳನ್ನು ಗಳು ಹಾಕಿ ನೂಕುತ್ತಾ ಹೋಗುತ್ತಾರೆ. ದುಡ್ಡು ಕೊಟ್ಟರೆ ನೀವೂ ಹೋಗಬಹುದು. ಕಾಲು ನೋವಿನವರಿಗೆ ಊರು ನೋಡಲು ಅದಕ್ಕಿಂತ ಒಳ್ಳೇ ಉಪಾಯ ಇಲ್ಲ.

ಸೇತುವೆ ದಾಟಿ ನೆಕ್ಕರ್‌ಗಾಸ್ಸೆ ಎಂಬ ಬೀದಿಯಲ್ಲಿ ಸ್ವಲ್ಪ ಏರಿದರೆ ಹಳೇ ಚರ್ಚಿನ ಚೌಕ. ಅಪ್ಪನನ್ನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿಕೊಳ್ಳಿ, ಯಾಕೆಂದರೆ ಕನ್ನಡಿಗರಿಗೆ ಈ ಊರಿನ ಋಣ ಇದೆ. 1477ರಲ್ಲಿ ಶುರುವಾದ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಅದೇ ಮೋಗ್ಲಿಂಗ್. ಹಳೇ ಕನ್ನಡ ಕಾವ್ಯಗಳನ್ನು ಅಚ್ಚು ಹಾಕಿಸಿದ್ದಕ್ಕೆ 1858ರಲ್ಲಿ ಇದೇ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇನ್ನು ಕಿಟ್ಟೆಲ್. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಸುಮಾರು 70,000 ಪದಗಳದ್ದು. ಅದಕ್ಕೆ 1896ರಲ್ಲಿ ಡಾಕ್ಟರೇಟ್ ಕೊಟ್ಟದ್ದೂ ಇದೇ ಟ್ಯೂಬಿಂಗನ್. ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದೂ ಈ ಊರಿನಲ್ಲೇ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ಅವರ ಪ್ರತಿಮೆ ನೋಡಿದವರು ಸಾವಿರಾರು ಜನ, ಅವರು ಕೊನೆಗಾಲ ಕಳೆದ ಬೀದಿಗಳಲ್ಲಿ ನಡೆದವರು ಎಷ್ಟು ಮಂದಿ?

ಅದೇ ಚೌಕದಲ್ಲಿ ಹೆಕ್ಕನ್‌ಹೌವರ್ ಎಂಬ ಹಳೇ ಪುಸ್ತಕದಂಗಡಿ ಇದೆ. ಮುಂದೆ ನೊಬೆಲ್ ಪಡೆದ ಹರ್ಮನ್ ಹೆಸ್ಸೆ ಹುಡುಗನಾಗಿದ್ದಾಗ, 1895ರಿಂದ 1899ರವರೆಗೆ, ಅಲ್ಲಿ ಕೆಲಸ ಮಾಡುತ್ತಿದ್ದರು. ಅವರ ತಾಯಿ ಹುಟ್ಟಿದ್ದು ನಮ್ಮ ಪಕ್ಕದ ತಲಶ್ಶೇರಿಯಲ್ಲಿ. ತಾಯಿಯ ತಂದೆ ಗುಂಡರ್ಟ್, ಮಲಯಾಳಂ ನಿಘಂಟಿನ ಗುಂಡರ್ಟ್. ಕಿಟ್ಟೆಲ್‌ಗೆ ಡಾಕ್ಟರೇಟ್ ಬಂದಾಗ ಗುಂಡರ್ಟ್ ಮೊಮ್ಮಗ ಇದೇ ಊರಿನಲ್ಲಿ ಪುಸ್ತಕದ ಧೂಳು ಹೊಡೆಯುತ್ತಿದ್ದ. ನನಗಂತೂ ಇದು ಬಹಳ ಇಷ್ಟದ ಸಂಗತಿ.

ಅಲ್ಲೇ ಪಕ್ಕದಲ್ಲಿ ಒಂದು ಮನೆಗೆ 'ಇಲ್ಲಿ ಗಯಟೆ ತಂಗಿದ್ದರು' ಎಂಬ ಫಲಕ ಇದೆ, ಜರ್ಮನ್ ಮಹಾಕವಿ ಗಯಟೆ. ಪಕ್ಕದ ಕಟ್ಟಡದಲ್ಲಿ ಯಾರೋ ತಲೆಹರಟೆಗಳು 'ಇಲ್ಲಿ ಗಯಟೆ ವಾಂತಿ ಮಾಡಿಕೊಂಡರು' ಎಂದು ಇನ್ನೊಂದು ಹಾಕಿದ್ದಾರೆ. ವಿದ್ಯಾರ್ಥಿಗಳ ಊರು ಅಲ್ವಾ, ಇರಲಿ.

ಅಲ್ಲಿಂದ ಎರಡು ನಿಮಿಷಕ್ಕೆ ಮಾರುಕಟ್ಟೆ ಚೌಕ. 1435ರ ಟೌನ್‌ಹಾಲ್, ಗೋಡೆ ತುಂಬ ಚಿತ್ರ, ನೆತ್ತಿಯ ಕೆಳಗೆ 1511ರ ಖಗೋಳ ಗಡಿಯಾರ. ಇಲ್ಲಿನ ಗಣಿತದ ಪ್ರೊಫೆಸರ್ ಸ್ಟೋಫ್ಲರ್ ಮಾಡಿದ್ದು. ಸೋಮವಾರ, ಬುಧವಾರ, ಶುಕ್ರವಾರ ಇಲ್ಲಿ ಸಂತೆ. ಜೂನ್‌ನಲ್ಲಿ ಸ್ಟ್ರಾಬೆರಿ, ಚೆರ್ರಿ ಸಿಗುತ್ತವೆ, ತಗೊಳ್ಳಿ. ಮಧ್ಯಾಹ್ನದ ಊಟ ಸುತ್ತಲಿನ ಯಾವುದಾದರೂ ಹೋಟೆಲಿನಲ್ಲಿ ಆಗಬಹುದು. ಸಸ್ಯಾಹಾರಿಗಳಾದರೆ ಕೇಸೆ ಶ್ಪೆಟ್ಸ್ಲೆ ಕೇಳಿ, ಚೀಸ್ ಹಾಕಿದ ಮೆತ್ತನೆಯ ನೂಡಲ್. ಮೌಲ್‌ಟಾಶನ್ (ಹೂರಣ ತುಂಬಿದ ಕಡುಬಿನಂಥದ್ದು) ಆದರೆ ಒಳಗೆ ಮಾಂಸ ಇಲ್ಲ ತಾನೇ ಅಂತ ಕೇಳಿಯೇ ತಗೊಳ್ಳಿ. ನಾನಾದರೆ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ ದ್ವೀಪದ ಬೆಂಚಿನ ಮೇಲೆ ತಿನ್ನುತ್ತೇನೆ.

ಚೌಕದಿಂದ ಕೋಟೆಗೆ ಹೋಗುವ ಬುರ್ಗ್‌ಸ್ಟೈಗೆ ಬೀದಿ ಗಿಡ್ಡ, ಆದರೆ ಕಡಿದು. ಕಲ್ಲು ಹಾಸಿನ ನೆಲ, ಮಳೆ ಬಂದರೆ ಜಾರುತ್ತದೆ. ಇಡೀ ದಿನದಲ್ಲಿ ಅಮ್ಮನಿಗೆ ಕಷ್ಟ ಅನಿಸುವುದು ಇದೊಂದೇ. ಹತ್ತು ನಿಮಿಷದ ಏರನ್ನು ಅರ್ಧ ಗಂಟೆ ಮಾಡಿಕೊಂಡು ಹತ್ತಿದರೂ ಯಾರೂ ಏನೂ ಅನ್ನುವುದಿಲ್ಲ. ಬೇಡ ಅಂದರೆ ಚೌಕದಲ್ಲಿ ಒಂದು ಕಾಫಿ ಕೊಡಿಸಿ ಕೂರಿಸಿ, ನೀವಿಬ್ಬರು ಹೋಗಿ ಬನ್ನಿ.

ಕೋಟೆಯ ಅಂಗಳಕ್ಕೆ ಟಿಕೆಟ್ ಇಲ್ಲ. ಒಳಗಿನ ಮ್ಯೂಸಿಯಂಗೆ ಇದೆ. ಸೋಮವಾರ, ಮಂಗಳವಾರ ಹೋಗಬೇಡಿ, ಮುಚ್ಚಿರುತ್ತದೆ. ಸ್ವಾಬಿಯನ್ ಆಲ್ಬ್ ಬೆಟ್ಟಗಳ ಒಂದು ಗುಹೆಯಲ್ಲಿ ಸಿಕ್ಕ, ಬೆರಳುದ್ದದ ದಂತದ ಕುದುರೆ ಅಲ್ಲಿದೆ. ಸುಮಾರು 40,000 ವರ್ಷ ಹಿಂದೆ ಯಾರೋ ಕೆತ್ತಿದ್ದು, ಕತ್ತಿನ ಬಾಗು ಇವತ್ತು ಕೆತ್ತಿದ ಹಾಗಿದೆ. ನಮ್ಮ ಬೇಲೂರು ನೋಡಿದ ಕಣ್ಣಿಗೆ ಕೋಟೆಯ ಕೆತ್ತನೆ ಏನೂ ಅನಿಸದೆ ಇರಬಹುದು, ಈ ಕುದುರೆ ಮಾತ್ರ ಅಪ್ಪನನ್ನು ಹಿಡಿದು ನಿಲ್ಲಿಸುತ್ತದೆ. ಇನ್ನೊಂದು ವಿಷಯ: ಈ ಕೋಟೆಯ ಹಳೇ ಅಡುಗೆಮನೆ ಒಂದು ಕಾಲಕ್ಕೆ ಲ್ಯಾಬ್ ಆಗಿತ್ತು. 1869ರಲ್ಲಿ ಫ್ರೀಡ್ರಿಶ್ ಮೀಶರ್ ಎಂಬ ಯುವಕ ಆಸ್ಪತ್ರೆಯ ಬ್ಯಾಂಡೇಜುಗಳ ಕೀವಿನಿಂದ ಹೊಸದೊಂದು ವಸ್ತು ಬೇರ್ಪಡಿಸಿದ್ದು ಅಲ್ಲೇ. ಅದನ್ನೇ ನಾವು ಈಗ ಡಿಎನ್‌ಎ ಅನ್ನುವುದು.

ಇನ್ನು ಕಾಡು. ಇಲ್ಲಿ ಎರಡು ದಾರಿ ಇವೆ, ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಮೊದಲನೆಯದು ಕೋಟೆಯ ಬೆನ್ನಿಗೇ ಇದೆ. ಒಳ ಅಂಗಳದ ಪಶ್ಚಿಮಕ್ಕೆ ಒಂದು ಕತ್ತಲೆ ಸುರಂಗದಂಥ ದಾರಿ. ಅದನ್ನು ದಾಟಿದರೆ ಹಿಂದಿನ ಕೊತ್ತಲ, ಅಲ್ಲಿಂದ ಸ್ಪಿಟ್ಸ್‌ಬರ್ಗ್ ಎಂಬ ಉದ್ದನೆಯ ಗುಡ್ಡದ ಬೆನ್ನೇ ದಾರಿ. ಒಂದು ಕಡೆ ಬಿಸಿಲಿಗೆ ಮುಖ ಮಾಡಿದ ಹಳೇ ದ್ರಾಕ್ಷಿ ತೋಟದ ಕಲ್ಲುಕಟ್ಟೆಗಳು, ಇನ್ನೊಂದು ಕಡೆ ಬೀಚ್, ಓಕ್ ಮರಗಳ ದಟ್ಟ ನೆರಳು. ಸುಮಾರು 6 ಕಿ.ಮೀ. ನಡೆದರೆ ಬೋಳು ಗುಡ್ಡದ ತುದಿಯಲ್ಲಿ ಒಂಟಿ ನಿಂತ ವುರ್ಮ್‌ಲಿಂಗನ್ ಚಾಪೆಲ್. ಕೊನೆಯ ಏರು ಕಡಿದು. ಕೆಳಗಿನ ಹಳ್ಳಿಯಿಂದ ಟ್ಯೂಬಿಂಗನ್‌ಗೆ ಬಸ್ ಸಿಗುತ್ತದೆ. ಇದನ್ನು ನಿಮಗಾಗಿ ಇಟ್ಟುಕೊಳ್ಳಿ, ಅಪ್ಪ ಅಮ್ಮ ಊರಿಗೆ ಹೋದ ಮೇಲೆ ಒಬ್ಬರೇ ಬನ್ನಿ. ಅವರ ಜೊತೆ ಇದ್ದಾಗ ಕೊತ್ತಲದಿಂದ ಒಂದಷ್ಟು ದೂರ ನೆರಳಿನಲ್ಲಿ ನಡೆದು ವಾಪಸ್ ಬಂದರೆ ಸಾಕು.

ಅಮ್ಮನ ಜೊತೆ ಹೋಗಬೇಕಾದ ಕಾಡು ಶೋನ್‌ಬುಖ್. ಮಧ್ಯಾಹ್ನದ ಊಟ ಮುಗಿಸಿ ಟ್ಯೂಬಿಂಗನ್‌ನಿಂದ ಬೆಬನ್‌ಹೌಸನ್‌ಗೆ ಬಸ್ ಹತ್ತಿ, ಸುಮಾರು ಕಾಲು ಗಂಟೆ. ಕಾಡಿನ ಅಂಚಿನಲ್ಲಿ 12ನೇ ಶತಮಾನದಲ್ಲಿ ಶುರುವಾದ ಒಂದು ಮಠ, ಅದರ ಸುತ್ತ ಒಂದು ಪುಟ್ಟ ಹಳ್ಳಿ, ಅಷ್ಟೇ. ಅಲ್ಲಿದ್ದವರು ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿಗಳು. ದೊಡ್ಡ ಗೋಪುರ ಕಟ್ಟಬಾರದು ಅನ್ನುವುದು ಅವರ ನಿಯಮ. ಅದಕ್ಕೇ ಚಾವಣಿಯ ಮೇಲೆ ಜಾಲರಿಯಂಥ ಒಂದು ಚಿಕ್ಕ ಕಲ್ಲಿನ ಗೋಪುರ ಕೂರಿಸಿದರು. ಚಿಕ್ಕದಾದರೂ ಇಡೀ ಕಟ್ಟಡದಲ್ಲಿ ಕಣ್ಣು ಮೊದಲು ಹೋಗುವುದು ಅದರ ಮೇಲೇ! ಮುಂದೆ ವ್ಯೂರ್ಟೆಂಬರ್ಗ್ ರಾಜರು ಇಲ್ಲೇ ಬೇಟೆಯ ಅರಮನೆ ಮಾಡಿಕೊಂಡರು. 1918ರಲ್ಲಿ ಪಟ್ಟ ಬಿಟ್ಟ ಕೊನೆಯ ರಾಜ ಎರಡನೇ ವಿಲ್‌ಹೆಲ್ಮ್ ಇಲ್ಲಿಗೇ ಬಂದು 1921ರಲ್ಲಿ ತೀರಿಕೊಂಡ. ರಾಣಿ 1946ರ ತನಕ ಇದ್ದಳು. ಅದಾದ ಮೇಲೆ 1952ರವರೆಗೆ ಈ ಭಾಗದ ಪುಟ್ಟ ರಾಜ್ಯದ ವಿಧಾನಸಭೆ ಇದೇ ಮಠದಲ್ಲಿ ಸೇರುತ್ತಿತ್ತು. ಮಠವನ್ನು ಟಿಕೆಟ್ ತಗೊಂಡು ನೀವೇ ಸುತ್ತಬಹುದು, ಅರಮನೆಯನ್ನು ಗೈಡ್ ಜೊತೆ ಮಾತ್ರ. ಸಮಯ ಕಡಿಮೆ ಇದ್ದರೆ ಅರಮನೆ ಬಿಡಿ, ಮಠದ ಒಳಾಂಗಣ ನೋಡಿ.

ಹಳ್ಳಿ ಮುಗಿಯುತ್ತಿದ್ದ ಹಾಗೆ ಗೋಲ್ಡರ್ಸ್‌ಬಾಖ್ ಎಂಬ ಹಳ್ಳದ ಪಕ್ಕದಲ್ಲಿ ಅಗಲವಾದ ದಾರಿ ಕಾಡಿನೊಳಗೆ ಹೋಗುತ್ತದೆ. ಮಕ್ಕಳ ಗಾಡಿ ತಳ್ಳಿಕೊಂಡು ಹೋಗುವವರು ಸಿಗುತ್ತಾರೆ, ಅಷ್ಟು ಸಲೀಸು. ಶೋನ್‌ಬುಖ್ 156 ಚದರ ಕಿ.ಮೀ. ಕಾಡು. 1972ರಲ್ಲಿ ಬಾಡೆನ್-ವ್ಯೂರ್ಟೆಂಬರ್ಗ್‌ನ ಮೊದಲ ನೇಚರ್ ಪಾರ್ಕ್ ಆಯಿತು. ಒಳಗೆ ಸುಮಾರು 40 ಚದರ ಕಿ.ಮೀ. ಜಾಗಕ್ಕೆ ಬೇಲಿ ಹಾಕಿ ಕೆಂಪು ಜಿಂಕೆ ಬಿಟ್ಟಿದ್ದಾರೆ. ದಾರಿಯಲ್ಲಿ ಬೇಲಿಯ ಗೇಟ್ ಬಂದರೆ ತೆರೆದು ಹೋಗಿ, ಹಿಂದಿನಿಂದ ಮುಚ್ಚಿ. ಇಲ್ಲಿ ಗುರಿ ಅಂತ ಏನೂ ಬೇಕಿಲ್ಲ. ಅಮ್ಮ ಸಾಕು ಅಂದ ಜಾಗದಿಂದ ತಿರುಗಿ. ಅರ್ಧ ಗಂಟೆ ಹೋಗಿ ಅರ್ಧ ಗಂಟೆ ಬಂದರೂ ಕಾಡಿಗೆ ಹೋದ ತೃಪ್ತಿ ಇರುತ್ತದೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕು, ಅವಸರ ಬೇಡ.

ಕೆಲವು ಎಚ್ಚರಿಕೆ. ಈ ಭಾಗದ ಹುಲ್ಲು, ಪೊದೆಗಳಲ್ಲಿ ಉಣುಗು ಜಾಸ್ತಿ, ನಮ್ಮಲ್ಲಿ ದನದ ಮೈಗೆ ಕಚ್ಚಿಕೊಳ್ಳುತ್ತವಲ್ಲ, ಅಂಥವು. ಕಾಯಿಲೆ ತರುತ್ತವೆ, ಹಗುರವಾಗಿ ತೆಗೆದುಕೊಳ್ಳಬೇಡಿ. ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ, ಕಾಲು ಮುಚ್ಚುವ ಪ್ಯಾಂಟ್ ಇರಲಿ, ಅಮ್ಮ ಸೀರೆ ಉಟ್ಟರೆ ಉದ್ದ ಕಾಲುಚೀಲ ಹಾಕಿಸಿ. ಸಂಜೆ ಮನೆಗೆ ಬಂದು ಮೈ ಪರೀಕ್ಷೆ ಮಾಡಿಕೊಳ್ಳಿ. ನೀವು ಇಲ್ಲೇ ಇರುವವರಾದ್ದರಿಂದ ಉಣುಗಿನಿಂದ ಬರುವ ಮಿದುಳು ಜ್ವರದ ಲಸಿಕೆ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಶೌಚಾಲಯಕ್ಕೆ ಚಿಲ್ಲರೆ ಯೂರೋ ಇಟ್ಟುಕೊಳ್ಳಿ. ಕಾಡಿನ ದಾರಿಯಲ್ಲಿ ಏನೂ ಸಿಗುವುದಿಲ್ಲ, ನೀರು ತುಂಬಿಸಿಕೊಂಡೇ ಹೊರಡಿ. ಫ್ರೋನ್‌ಲೈಖ್‌ನಾಮ್ ಎಂಬ ರಜೆ ಹೆಚ್ಚಾಗಿ ಜೂನ್‌ನಲ್ಲಿ ಬರುತ್ತದೆ. ಆ ಮಧ್ಯಾಹ್ನ ನದಿಯಲ್ಲಿ ವಿದ್ಯಾರ್ಥಿಗಳ ದೋಣಿ ಸ್ಪರ್ಧೆ, ಸೋತ ತಂಡದವರು ಅರ್ಧರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ನೋಡಲು ಮಜಾ. ಆದರೆ ದ್ವೀಪದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಮ್ಮನನ್ನು ಅವತ್ತು ಕರೆದುಕೊಂಡು ಹೋಗಬೇಡಿ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಬಸ್ ಕಡಿಮೆ. ನನ್ನನ್ನು ಕೇಳಿದರೆ ಬುಧವಾರ ಅಥವಾ ಶುಕ್ರವಾರ ರಜೆ ಹಾಕಿ. ಸಂತೆಯೂ ಸಿಗುತ್ತದೆ, ಮ್ಯೂಸಿಯಂ ಕೂಡ ತೆರೆದಿರುತ್ತದೆ. ಬೆಬನ್‌ಹೌಸನ್‌ನಿಂದ ವಾಪಸ್ ಬರುವ ಬಸ್ಸಿನ ಸಮಯವನ್ನು ಮಾತ್ರ ಕಾಡಿಗೆ ಹೋಗುವ ಮೊದಲೇ ನೋಡಿಟ್ಟುಕೊಳ್ಳಿ, ಹಳ್ಳದ ಪಕ್ಕ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ.