ಬಿಲ್ಲಿಯಿಂದ ಸ್ಪೈಡರ್‌ಮ್ಯಾನ್‌ವರೆಗೆ: ಟಾಮ್ ಹಾಲೆಂಡ್ ನಟನೆಯ ಹಾದಿ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಸ್ಪೈಡರ್‌ಮ್ಯಾನ್ ಪಾತ್ರದ ಟಾಮ್ ಹಾಲೆಂಡ್ ಮೊದಲು ನಾಟಕದ ಹುಡುಗನಂತೆ, ಹೌದೇ? ಅದೃಷ್ಟ ಖುಲಾಯಿಸಿತೋ, ಕಲಿತು ಬಂದನೋ?
– ಓದುಗರು, ಶಿವಮೊಗ್ಗ

ಹೌದು. 1996ರಲ್ಲಿ ಹುಟ್ಟಿದ ಹುಡುಗ ವಿಂಬಲ್ಡನ್ನಿನ ಒಂದು ನೃತ್ಯಶಾಲೆಯಲ್ಲಿ ಹಿಪ್‌ಹಾಪ್ ಕಲಿಯುತ್ತಿದ್ದ. 2006ರ ರಿಚ್ಮಂಡ್ ನೃತ್ಯೋತ್ಸವದಲ್ಲಿ ಕುಣಿದಾಗ ಬ್ಯಾಲೆ ಕಲಿಯಹೊರಟ ಗಣಿಕಾರ್ಮಿಕನ ಮಗ ಬಿಲ್ಲಿಯ ಕತೆ ಹೇಳುವ ‘ಬಿಲ್ಲಿ ಎಲಿಯಟ್’ ಸಂಗೀತ ನಾಟಕದ ನೃತ್ಯ ವಿಭಾಗದ ಲಿನ್ ಪೇಜ್ ಅವರ ಕಣ್ಣಿಗೆ ಬಿದ್ದ. ಅದೃಷ್ಟದ ಪಾಲು ಇಷ್ಟೇ. ಆಮೇಲಿನದು ಎರಡು ವರ್ಷದ ತಾಲೀಮು, ಎಂಟು ಆಡಿಷನ್. 2008ರ ಜೂನ್‌ನಲ್ಲಿ ಲಂಡನ್ನಿನ ವಿಕ್ಟೋರಿಯಾ ಪ್ಯಾಲೆಸ್ ರಂಗಮಂದಿರದಲ್ಲಿ ರಂಗ ಹತ್ತಿದ್ದೂ ನಾಯಕನಾಗಿ ಅಲ್ಲ, ಬಿಲ್ಲಿಯ ಗೆಳೆಯ ಮೈಕಲ್ ಆಗಿ. ಬಿಲ್ಲಿಯ ಪಾತ್ರ ಕೈಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ. 2010ರ ಮೇವರೆಗೆ ಆಡಿದ.

ಎರಡು ವರ್ಷ ಯಾಕೆ ಬೇಕಾಯಿತು ಅಂದರೆ, ಆ ಪಾತ್ರಕ್ಕೆ ಬ್ಯಾಲೆ, ಟ್ಯಾಪ್ (ಬೂಟಿನ ಸದ್ದಿನಿಂದ ತಾಳ ಹಾಕುವ ಕುಣಿತ), ಲಾಗ, ಹಾಡು ನಾಲ್ಕೂ ಬೇಕು. ಮೇಲೆ ಡರಹಮ್ ಗಣಿ ಪ್ರದೇಶದ ಉಚ್ಚಾರ ಬೇರೆ. ಹಿಪ್‌ಹಾಪ್‌ನಲ್ಲಿ ಮಂಡಿ ಬಗ್ಗಿರುತ್ತದೆ, ಭಾರ ನೆಲದತ್ತ ಇಳಿಯುತ್ತದೆ. ಬ್ಯಾಲೆಯಲ್ಲಿ ಮೈ ಮೇಲಕ್ಕೆ ಸೆಟೆಯಬೇಕು, ಕಾಲು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಬೇಕು. ಅವಸರದ ಮಕ್ಕಳು ಪಾದವನ್ನಷ್ಟೇ ತಿರುಗಿಸಿ ನಿಲ್ಲುತ್ತಾರೆ. ಆಗ ತಿರುಚಿನ ಒತ್ತಡ ಮಂಡಿಗೂ ಪಾದದ ಕೀಲಿಗೂ ಬಿದ್ದು ನೋವು ಶುರುವಾಗುತ್ತದೆ. ಈ ಅಭ್ಯಾಸವನ್ನು ಬಿಡಿಸುವುದಕ್ಕೇ ತಿಂಗಳುಗಟ್ಟಲೆ ಹೋಗುತ್ತದೆ.

ಪ್ರಶ್ನೆ: ಒಬ್ಬನೇ ಬಿಲ್ಲಿ ಇರಲಿಲ್ಲ, ಮೂರು ನಾಲ್ಕು ಹುಡುಗರಿದ್ದರು ಎನ್ನುತ್ತಾರೆ. ಯಾಕೆ?
– ನಾಟಕ ವಿದ್ಯಾರ್ಥಿನಿ, ಧಾರವಾಡ

ಲಂಡನ್ನಿನ ರಂಗಮಂದಿರಗಳ ಬಡಾವಣೆ ವೆಸ್ಟ್ ಎಂಡ್‌ನಲ್ಲಿ ವಾರಕ್ಕೆ ಎಂಟು ಪ್ರದರ್ಶನ ವಾಡಿಕೆ. ಬಿಲ್ಲಿ ಹೆಚ್ಚುಕಮ್ಮಿ ಇಡೀ ನಾಟಕ ರಂಗದ ಮೇಲೇ ಇರುತ್ತಾನೆ. ಬೆಳೆಯುವ ಮೈಗೆ ಅದು ಆಗದ ಮಾತು, ಕಾನೂನೂ ಬಿಡುವುದಿಲ್ಲ. ಹಾಗಾಗಿ ಹುಡುಗರು ಸರದಿಯಲ್ಲಿ ಆಡುತ್ತಿದ್ದರು. 2005ರಲ್ಲಿ ನಾಟಕ ಶುರುವಾದಾಗಿನ ಮೂವರು ಬಿಲ್ಲಿಗಳಿಗೆ 2006ರ ಒಲಿವಿಯೆ ಎಂಬ ಲಂಡನ್ ರಂಗಭೂಮಿ ಪ್ರಶಸ್ತಿಯನ್ನು ಒಟ್ಟಿಗೇ ಕೊಟ್ಟದ್ದು ನ್ಯಾಯವಾಗಿತ್ತು. ಎತ್ತರ ಹೆಚ್ಚಿದರೆ, ದನಿ ಒಡೆದರೆ ಪಾತ್ರ ಮುಗಿಯಿತು. ಮುಂದಿನವನ ತಾಲೀಮು ಅಷ್ಟರಲ್ಲಿ ನಡೆದೇ ಇರುತ್ತದೆ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಹತ್ತು ವರ್ಷದ ಮಗಳು ಒಂದು ನಾಟಕಕ್ಕೆ ಆಯ್ಕೆಯಾಗಿದ್ದಾಳೆ. ಮಕ್ಕಳು ರಂಗ ಹತ್ತಲು ಬೇಕಾದ ಪರವಾನಗಿಗೆ ನಾವೇ ಓಡಾಡಬೇಕೇ?
– ಓದುಗರು, ರೆಡಿಂಗ್

ಅರ್ಜಿ ಹಾಕುವುದು ನಾಟಕ ತಂಡದ ಕೆಲಸ. ಪರವಾನಗಿ ಕೊಡುವುದು ನೀವು ವಾಸವಿರುವ ಊರಿನ ಸ್ಥಳೀಯ ಆಡಳಿತ, ಅಂದರೆ ಕೌನ್ಸಿಲ್. ನಿಮ್ಮ ಪಾಲಿಗೆ ಸಹಿ, ಜನನ ಪ್ರಮಾಣಪತ್ರ, ಫೋಟೊ. ಶಾಲೆ ತಪ್ಪುವುದಿದ್ದರೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪತ್ರವೂ ಬೇಕು, ಇದರಿಂದಲೂ ಅರ್ಜಿ ತಡವಾಗಬಹುದು. ಮೊದಲ ಪ್ರದರ್ಶನಕ್ಕೆ 21 ದಿನ ಮುಂಚೆ ಅರ್ಜಿ ಮುಟ್ಟದಿದ್ದರೆ ಕೌನ್ಸಿಲ್ ನಿರಾಕರಿಸಬಹುದು. ಒಂಬತ್ತು ದಾಟಿದ ಮಕ್ಕಳು ದಿನಕ್ಕೆ ಹೆಚ್ಚೆಂದರೆ ಒಂಬತ್ತೂವರೆ ಗಂಟೆ ಪ್ರದರ್ಶನ ಅಥವಾ ತಾಲೀಮಿನ ಜಾಗದಲ್ಲಿರಬಹುದು, ಅದರಲ್ಲಿ ಐದು ಗಂಟೆ ಮಾತ್ರ ಅಭಿನಯ ಅಥವಾ ತಾಲೀಮು. ಮಕ್ಕಳನ್ನು ನೋಡಿಕೊಳ್ಳುವ ಷಾಪರೋನ್‌ಗೆ ಕೌನ್ಸಿಲ್ ಅನುಮೋದನೆ ಇರಬೇಕು; ಒಬ್ಬರ ಕೈಕೆಳಗೆ ಹನ್ನೆರಡಕ್ಕಿಂತ ಹೆಚ್ಚು ಮಕ್ಕಳು ಕೂಡದು. ನಿಮ್ಮ ಮಗಳ ಜೊತೆ ನೀವೇ ಇರಬಹುದು. ಪಕ್ಕದ ಮನೆಯ ಮಗುವನ್ನೂ ಒಪ್ಪಿಸಿಕೊಂಡಿರೋ, ನಿಮಗೂ ಅನುಮೋದನೆ ಬೇಕಾಗುತ್ತದೆ.

ಪ್ರಶ್ನೆ: ರಂಗದಿಂದ ಕ್ಯಾಮೆರಾಗೆ ಹೋದವರು ಎಡವುವುದೆಲ್ಲಿ? ಆಡಿಷನ್ ವಿಡಿಯೊ ಮನೆಯಲ್ಲೇ ಮಾಡುವುದು ಹೇಗೆ?
– ಹವ್ಯಾಸಿ ನಟ, ಮೈಸೂರು

ಹಾಲೆಂಡ್ ಪರದೆಯ ಮೇಲೆ ಗಮನ ಸೆಳೆದದ್ದು 2004ರ ಸುನಾಮಿ ಕುರಿತ ‘ದಿ ಇಂಪಾಸಿಬಲ್’ (2012) ಚಿತ್ರದಲ್ಲಿ. ಅಲ್ಲಿ ಅವನಿಗೆ ಕುಣಿತ ಒದಗಲಿಲ್ಲ, ಕುಣಿತ ಕಲಿಸಿದ ಮೈಹಿಡಿತ ಒದಗಿತು. ರಂಗನಟರು ಎಡವುವುದು ಎರಡು ಕಡೆ. ಕೊನೆಯ ಸಾಲಿಗೆ ಮುಟ್ಟಿಸಿ ರೂಢಿಯಾದ ಹುಬ್ಬು, ಬಾಯಿ ಕ್ಲೋಸಪ್ಪಿನಲ್ಲಿ ವಿಪರೀತ ಕಾಣುತ್ತವೆ. ‘ಕಮ್ಮಿ ಮಾಡು’ ಎಂದರೆ ಮುಖವೇ ಸತ್ತುಹೋಗುತ್ತದೆ. ಎದುರಿನವರು ಒಂದು ಮಾರು ದೂರದಲ್ಲಿದ್ದಾರೆ ಎಂದುಕೊಂಡು ಮಾತಾಡಿದರೆ ಅಳತೆ ತಾನೇ ಸರಿಹೋಗುತ್ತದೆ. ಎರಡನೆಯದು ಕಂಟಿನ್ಯುಟಿ. ಯಾವ ಪದಕ್ಕೆ ಲೋಟ ಎತ್ತಿದಿರೋ ಪ್ರತಿ ಟೇಕ್‌ನಲ್ಲೂ ಅದೇ ಪದಕ್ಕೆ ಎತ್ತಬೇಕು, ಇಲ್ಲವಾದರೆ ಸಂಕಲನಕಾರರು ಆ ಒಳ್ಳೆಯ ಟೇಕನ್ನೇ ಬಿಸಾಡಬೇಕಾಗುತ್ತದೆ.

ಇನ್ನು ವಿಡಿಯೊ. ಫೋನನ್ನು ಅಡ್ಡಲಾಗಿ, ಲೆನ್ಸ್ ಕಣ್ಣಿನ ಮಟ್ಟಕ್ಕೆ ಬರುವಂತೆ ನಿಲ್ಲಿಸಿ. ಚೌಕಟ್ಟಿನಲ್ಲಿ ಎದೆಯಿಂದ ನೆತ್ತಿಯವರೆಗೆ ಇರಲಿ. ಕಿಟಕಿ ನಿಮ್ಮ ಎದುರಿಗಿರಬೇಕು, ಬೆನ್ನಿಗಲ್ಲ. ಗೋಡೆಯಿಂದ ಮೂರಡಿ ಮುಂದೆ ನಿಂತರೆ ನೆರಳು ಬೀಳದು. ಎದುರು ಪಾತ್ರದ ಮಾತು ಓದುವವರು ಲೆನ್ಸಿಗೆ ಅಂಟಿದಂತೆ ಪಕ್ಕದಲ್ಲಿದ್ದು, ನಿಮಗಿಂತ ತಗ್ಗಿದ ದನಿಯಲ್ಲಿ ಓದಬೇಕು. ಅವರು ಮೈಕಿಗೆ ಹತ್ತಿರವಿರುವುದರಿಂದ ಅವರ ದನಿಯೇ ನಿಮ್ಮದನ್ನು ನುಂಗುವುದು ಎಲ್ಲಕ್ಕಿಂತ ಸಾಮಾನ್ಯವಾದ ಕೆಡುಕು. ಹೆಸರು, ಎತ್ತರ, ಊರು ಹೇಳುವ ತುಣುಕನ್ನು ಬೇರೆಯಾಗಿ ತೆಗೆಯಿರಿ. ಅದರಲ್ಲಿ ಒಮ್ಮೆ ಇಡೀ ಮೈ ಕಾಣಲಿ.

ಪ್ರಶ್ನೆ: ಇಷ್ಟು ಹೆಸರಾದ ಮೇಲೆ ಮತ್ತೆ ನಾಟಕ ಮಾಡಿದ್ದಾನೆಯೇ?
– ಓದುಗರು, ಉಡುಪಿ

ಮಾಡಿದ್ದಾನೆ. 2024ರ ಮೇಯಿಂದ ಆಗಸ್ಟ್‌ವರೆಗೆ ಲಂಡನ್ನಿನ ಡ್ಯೂಕ್ ಆಫ್ ಯಾರ್ಕ್ಸ್ ರಂಗಮಂದಿರದಲ್ಲಿ, ಜೇಮಿ ಲಾಯ್ಡ್ ನಿರ್ದೇಶನದಲ್ಲಿ ರೋಮಿಯೊ ಆದ. ಅಲ್ಲಿ ನಟರ ದನಿಗೆ ಮೈಕು, ಮುಖಕ್ಕೆ ಕ್ಯಾಮೆರಾ; ದೃಶ್ಯ ಅಲ್ಲೇ ಪರದೆಯ ಮೇಲೆ ಮೂಡುತ್ತಿತ್ತು. ಇಂಥ ರಂಗದಲ್ಲಿ ಪಿಸುಮಾತೂ ಹಿಂದಿನ ಸಾಲು ಮುಟ್ಟುತ್ತದೆ. ಜೊತೆಗೆ ಎಂಜಲು ನುಂಗಿದ್ದು, ಅಂಗಿ ಮೈಕಿಗೆ ಉಜ್ಜಿದ್ದೂ ಕೇಳಿಸುತ್ತದೆ. ಹಾಗಾಗಿ ತಬ್ಬಿಕೊಳ್ಳುವ ದೃಶ್ಯಗಳನ್ನು ಮೈಕ್ ಕಟ್ಟಿಕೊಂಡೇ ತಾಲೀಮು ಮಾಡಬೇಕು.