ಒಂದೇ ನೇಮ್ ಇರುವ ರೇಡಿಯೊ ಬಟನ್‌ಗಳ ವ್ಯಾಲ್ಯೂ 'ಅನ್‌ಡಿಫೈನ್ಡ್' ಎಂದು ಬರುವುದೇಕೆ?

ನಿಮ್ಮ ಫಾರ್ಮ್‌ನಲ್ಲಿ 'ಪಾವತಿ' ಎಂಬ ನೇಮ್ ಇರುವ ಮೂರು ರೇಡಿಯೊ ಬಟನ್‌ಗಳಿವೆ (ಒಂದನ್ನು ಮಾತ್ರ ಆರಿಸಬಹುದಾದ ಆಯ್ಕೆಗಳು), ಜಾವಾಸ್ಕ್ರಿಪ್ಟ್‌ನಲ್ಲಿ ಡಾಕ್ಯುಮೆಂಟ್‌ನ, ಅಂದರೆ ಇಡೀ ಪುಟದ, ಗೆಟ್‌ಎಲಿಮೆಂಟ್ಸ್‌ಬೈನೇಮ್ ಮೆಥಡ್ ಕರೆದು ವ್ಯಾಲ್ಯೂ ಕೇಳಿದರೆ 'ಅನ್‌ಡಿಫೈನ್ಡ್' (ಅಂಥದ್ದೇನೂ ಇಲ್ಲ ಎಂಬ ಅರ್ಥ) ಬರುತ್ತಿದೆ ಎಂದು ಬರೆದಿದ್ದೀರಿ. ಆ ಮೆಥಡ್‌ನ ಹೆಸರಿನಲ್ಲಿಯೇ ಬಹುವಚನವಿರುವುದನ್ನು ಗಮನಿಸಿ. ಅದು ಕೊಡುವುದು ಒಂದು ಎಲಿಮೆಂಟನ್ನಲ್ಲ (ಪುಟದ ಒಂದು ಘಟಕವನ್ನಲ್ಲ), ನೋಡ್‌ಲಿಸ್ಟ್ ಎಂಬ ಪಟ್ಟಿಯನ್ನು. ಆ ಪಟ್ಟಿಗೆ ವ್ಯಾಲ್ಯೂ ಎಂಬ ಪ್ರಾಪರ್ಟಿಯೇ ಇಲ್ಲ. ಚೌಕ ಆವರಣದಲ್ಲಿ ಸೊನ್ನೆ ಬರೆದು ಮೊದಲನೆಯದನ್ನು ತೆಗೆದುಕೊಳ್ಳಿ ಎಂದು ಹಲವರು ಹೇಳುತ್ತಾರೆ. ಪಠ್ಯದ ಇನ್‌ಪುಟ್ ಒಂದೇ ಇದ್ದಾಗ ಅದು ಸರಿಯೇ, ಆದರೆ ನಿಮ್ಮ ಫಾರ್ಮ್‌ನಲ್ಲಿ ಬಳಕೆದಾರರು ಮೂರನೆಯದನ್ನು ಆರಿಸಿದ್ದರೂ ಮೊದಲನೆಯದರ ವ್ಯಾಲ್ಯೂವೇ ಬರುತ್ತದೆ, ಯಾವ ಎರರ್ ಕೂಡ ಕಾಣುವುದಿಲ್ಲ. 'ಅನ್‌ಡಿಫೈನ್ಡ್'ಗಿಂತ ಇದು ಹೆಚ್ಚು ಅಪಾಯಕಾರಿ.

ಐಡಿ ಒಂದು ಪುಟದಲ್ಲಿ ಒಂದೇ ಎಲಿಮೆಂಟಿಗೆ ಇರಬೇಕು. ನೇಮ್‌ಗೆ ಆ ಕಟ್ಟುಪಾಡಿಲ್ಲ, ಏಕೆಂದರೆ ಅದು ಫಾರ್ಮ್‌ನ ಮಾಹಿತಿ ಸರ್ವರ್‌ಗೆ ಹೋಗುವಾಗ ಪ್ರತಿ ವ್ಯಾಲ್ಯೂವಿನ ಜೊತೆಗಿರುವ ಹೆಸರು. ರೇಡಿಯೊ ಬಟನ್‌ಗಳು ಒಂದು ಗುಂಪಾಗುವುದೂ ಒಂದೇ ಫಾರ್ಮ್‌ನೊಳಗೆ ಅದೇ ನೇಮನ್ನು ಹಂಚಿಕೊಳ್ಳುವುದರಿಂದ. ಆದ್ದರಿಂದ ಇಡೀ ಡಾಕ್ಯುಮೆಂಟನ್ನು ಕೇಳುವ ಬದಲು ಫಾರ್ಮನ್ನೇ ಕೇಳಿ ಎನ್ನುವುದು ನನ್ನ ಸಲಹೆ. ಫಾರ್ಮ್‌ನ ಎಲಿಮೆಂಟ್ಸ್ ಪ್ರಾಪರ್ಟಿಯ ಮುಂದೆ ಚೌಕ ಆವರಣದಲ್ಲಿ 'ಪಾವತಿ' ಎಂದು ಕೊಟ್ಟರೆ ರೇಡಿಯೊನೋಡ್‌ಲಿಸ್ಟ್ ಸಿಗುತ್ತದೆ. ಇದಕ್ಕೆ ವ್ಯಾಲ್ಯೂ ಇದೆ: ಆಯ್ಕೆಯಾಗಿರುವ ಬಟನ್‌ನದು ಬರುತ್ತದೆ, ಯಾವುದನ್ನೂ ಆರಿಸದಿದ್ದರೆ ಖಾಲಿ ಸ್ಟ್ರಿಂಗ್ ಬರುತ್ತದೆ. ಆದರೆ ಆ ನೇಮ್‌ನ ಬಟನ್ ಒಂದೇ ಉಳಿದರೆ ಪಟ್ಟಿಯ ಬದಲು ಆ ಎಲಿಮೆಂಟೇ ಸಿಗುವುದರಿಂದ, ಆಗ ಆಯ್ಕೆಯಾಗಿದೆಯೇ ಎಂದು ತಿಳಿಸುವ ಚೆಕ್ಡ್ ಪ್ರಾಪರ್ಟಿಯನ್ನು ನೀವೇ ನೋಡಬೇಕಾಗುತ್ತದೆ. ಚೆಕ್‌ಬಾಕ್ಸ್‌ಗಳಿಗೆ ಈ ವ್ಯಾಲ್ಯೂ ಕೆಲಸಕ್ಕೆ ಬಾರದು. ಅವುಗಳಿಗೆ ಸಿಎಸ್‌ಎಸ್ ಸೆಲೆಕ್ಟರ್‌ಗೆ ಹೊಂದುವ ಎಲಿಮೆಂಟ್‌ಗಳನ್ನೆಲ್ಲ ಕೊಡುವ ಕ್ವೆರಿಸೆಲೆಕ್ಟರ್‌ಆಲ್ ಮೆಥಡ್ ಬಳಸಿ, ನೇಮ್‌ನ ಜೊತೆಗೆ ಚೆಕ್ಡ್ ಎಂಬ ಸ್ಯೂಡೊ ಕ್ಲಾಸ್ (ಗುರುತು ಹಾಕಿದವನ್ನಷ್ಟೇ ಆರಿಸುವ ಷರತ್ತು) ಸೇರಿಸಿ.

ಪುಟಕ್ಕೆ ಹೊಸ ಸಾಲುಗಳನ್ನು ಸೇರಿಸುತ್ತಾ ಹೋಗುವ ಕೋಡ್ ಇದ್ದರೆ ಇನ್ನೊಂದು ವ್ಯತ್ಯಾಸವೂ ತಿಳಿದಿರಲಿ: ಗೆಟ್‌ಎಲಿಮೆಂಟ್ಸ್‌ಬೈನೇಮ್ ಕೊಡುವ ಪಟ್ಟಿ ಪುಟ ಬದಲಾದಂತೆ ತಾನೂ ಬದಲಾಗುತ್ತದೆ, ಕ್ವೆರಿಸೆಲೆಕ್ಟರ್‌ಆಲ್‌ನದು ಕರೆದ ಹೊತ್ತಿಗೆ ಇದ್ದಂತೆಯೇ ಉಳಿಯುತ್ತದೆ.

ಕೊನೆಯದಾಗಿ, ನೀವು ಕಳಿಸಿದ ಕೋಡ್‌ನಲ್ಲಿ ಫಾರ್ಮ್ ಕಳುಹಿಸುವ ಬಟನ್‌ಗೆ 'ಸಬ್‌ಮಿಟ್' ಎಂಬ ನೇಮ್ ಇದೆ, ದಯವಿಟ್ಟು ಅದನ್ನು ಬದಲಿಸಿ. ಫಾರ್ಮ್ ತನ್ನೊಳಗಿನ ನೇಮ್‌ಗಳನ್ನು ಪ್ರಾಪರ್ಟಿಗಳಾಗಿಯೂ ತೋರಿಸುವುದರಿಂದ ಆ ಬಟನ್ ಫಾರ್ಮ್‌ನ ಸಬ್‌ಮಿಟ್ ಮೆಥಡನ್ನೇ ಮರೆಮಾಡುತ್ತದೆ, ಕರೆದಾಗ 'ಇದು ಫಂಕ್ಷನ್ ಅಲ್ಲ' ಎಂಬ ಎರರ್ ಬರುತ್ತದೆ. ಇದೇ ಎರರ್‌ನ ಕಾರಣ ಹುಡುಕಲು ನಾನೊಮ್ಮೆ ಇಡೀ ಮಧ್ಯಾಹ್ನ ಕಳೆದಿದ್ದೇನೆ. 'ಕಳುಹಿಸು' ಎಂದು ನೇಮ್ ಬದಲಿಸಿದ ಕೂಡಲೇ ಫಾರ್ಮ್ ಸರಿಯಾಗಿ ಹೋಯಿತು.